ಮಗುವಿನ ಬೇನೆಯೂ ಸಾಪೇಕ್ಷ ಕರುಣವೂ

ಮಗುವಿನ ಸಾವನ್ನು ಕುರಿತು ಕನ್ನಡ ಕಾವ್ಯ ಆಡಿರುವ ಮಾತು ಸಾಮಾನ್ಯವಾದುದಲ್ಲ. ಹಾವು ಕಡಿದು ಕಾಡಿನಲ್ಲಿ ಬಿದ್ದ ಲೋಹಿತಾಶ್ವನನ್ನು ಹುಡುಕಿಕೊಂಡು ಚಂದ್ರಮತಿ ಕತ್ತಲೆಯಲ್ಲಿ ಹೊರಡುವ ಭಾಗವನ್ನು ತರಗತಿಯಲ್ಲಿ ಓದುವಾಗ ಹಿಂದಿನ ಬೆಂಚಿನ ಹುಡುಗರೂ ಮಾತು ನಿಲ್ಲಿಸುತ್ತಾರೆ; ಇದನ್ನು ನಾನು ಹದಿನೆಂಟು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ರಾಘವಾಂಕನ ಪದಗಳಿಗೆ ಅರ್ಥ ತಿಳಿಯದವರಿಗೂ ಆ ತಾಯಿಯ ಕೂಗು ತಿಳಿಯುತ್ತದೆ. ಇತ್ತ ನಮ್ಮ ಕಾಲಕ್ಕೆ ಬಂದರೆ, ಹಲವು ಮಕ್ಕಳನ್ನು ಕಳೆದುಕೊಂಡ ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲಿ ಬರೆದ ಆ ಪ್ರಸಿದ್ಧ ಕವಿತೆಯಿದೆ. ಕೂಸನ್ನು ನೀಗಿಕೊಂಡ ಹೆಂಡತಿಯ ನೋಟವನ್ನು ತಾಳಲಾರದ ಗಂಡನೊಬ್ಬನ ಮೊರೆ; ಅಷ್ಟೇ ಅಲ್ಲಿಯ ಸನ್ನಿವೇಶ. ಅಷ್ಟು ಮಿತವಾದ, ಅಷ್ಟು ತುಂಬಿದ ಶೋಕಗೀತೆ ಯಾವ ಭಾಷೆಯಲ್ಲಿದ್ದರೂ ಅದು ಆ ಭಾಷೆಯ ಭಾಗ್ಯವೆಂದೇ ಹೇಳಬೇಕು.

ಆದರೆ ಇಂದು ನಾನು ವಾಚಕರ ಮುಂದಿಡಬೇಕೆಂದಿರುವ ಪ್ರಶ್ನೆ ಸಾವಿಗಿಂತ ಹಿಂದಿನದು. ಮಗುವಿಗೆ ಕ್ಯಾನ್ಸರ್ ಎಂದು ವೈದ್ಯರು ಹೇಳಿದ್ದಾರೆ. ಚಿಕಿತ್ಸೆ ನಡೆಯುತ್ತಿದೆ. ಮಗು ಬದುಕಬಹುದು, ಬದುಕದೆಯೂ ಹೋಗಬಹುದು. ಹೀಗೆ ಎರಡು ವರ್ಷ, ಮೂರು ವರ್ಷ ಕಳೆಯುತ್ತದೆ. ಈ ಅವಧಿಯಲ್ಲಿ ತಂದೆತಾಯಿ ಅಳುವಂತಿಲ್ಲ, ಏಕೆಂದರೆ ಅಳುವಂಥದು ಇನ್ನೂ ಆಗಿಲ್ಲ. ನಗುವಂತಿಲ್ಲ, ಏಕೆಂದರೆ ಯಾವುದೂ ಮುಗಿದಿಲ್ಲ. ಅವರು ಬೆಳಗಾಗೆದ್ದು ಬಸ್ಸು ಹಿಡಿಯುತ್ತಾರೆ, ಚೀಟಿ ಮಾಡಿಸುತ್ತಾರೆ, ರಕ್ತದ ವರದಿಗೆ ಕಾಯುತ್ತಾರೆ. ಈ ನಡುವಿನ ಕಾಲಕ್ಕೆ ನಮ್ಮ ಸಾಹಿತ್ಯದಲ್ಲಿ ಮಾತು ಬಹಳ ಕಡಿಮೆ. ಅದು ಏಕೆ ಕಡಿಮೆ, ಬೇರೆ ಭಾಷೆಯವರು ಅದನ್ನು ಹೇಗೆ ಬರೆದರು, ನಮ್ಮಲ್ಲಿ ಅದನ್ನು ಬರೆಯುವುದಕ್ಕೆ ಬೇಕಾದ ಸಾಮಗ್ರಿ ಏನಿದೆ ಎಂಬ ಮೂರು ಮಾತುಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಕಾವ್ಯಮೀಮಾಂಸೆಯನ್ನೇ ಕೇಳೋಣ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಕರುಣಕ್ಕೂ ವಿಪ್ರಲಂಭ ಶೃಂಗಾರಕ್ಕೂ ಇರುವ ಭೇದವನ್ನು ಬಹು ಸೂಕ್ಷ್ಮವಾಗಿ ಹೇಳಿದ್ದಾನೆ. ಎರಡರಲ್ಲಿಯೂ ಅಗಲಿಕೆಯಿದೆ, ಕಣ್ಣೀರಿದೆ, ನಿದ್ರೆಗೇಡಿದೆ. ಹಾಗಿದ್ದ ಮೇಲೆ ಬೇರೆಯಾದದ್ದು ಯಾವುದು? ಕರುಣವು ನಿರಪೇಕ್ಷ, ಅಲ್ಲಿ ಮರಳಿ ಪಡೆಯುವ ಆಸೆಯಿಲ್ಲ. ವಿಪ್ರಲಂಭವು ಸಾಪೇಕ್ಷ, ಅಲ್ಲಿ ಔತ್ಸುಕ್ಯವಿದೆ, ಚಿಂತೆಯಿದೆ, ದಾರಿ ನೋಡುವ ಕಣ್ಣಿದೆ. ಆಸೆಯ ಎಳೆಯೊಂದು ಉಳಿದಿದೆಯೋ ಇಲ್ಲವೋ ಎಂಬುದರ ಮೇಲೆ ದುಃಖದ ಜಾತಿಯೇ ಬೇರೆಯಾಗುತ್ತದೆಂಬ ಈ ತಿಳಿವಳಿಕೆ ದೊಡ್ಡದು. ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತ ತಂದೆತಾಯಿಯ ದುಃಖವನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಅದು ನಿಸ್ಸಂದೇಹವಾಗಿ ಸಾಪೇಕ್ಷ. ಆದರೆ ಸಾಪೇಕ್ಷವಾದ ದುಃಖಕ್ಕೆ ಶಾಸ್ತ್ರ ಕೊಟ್ಟಿರುವ ಮನೆ ಒಂದೇ, ಅದು ಪ್ರಣಯಿಗಳ ಮನೆ.

ಮುಂದಿನ ಆಲಂಕಾರಿಕರಿಗೆ ಈ ಇಕ್ಕಟ್ಟು ಕಾಣಲಿಲ್ಲವೆಂದಲ್ಲ. ಕಾದಂಬರಿಯಲ್ಲಿ ಪುಂಡರೀಕನು ಸತ್ತ ಮೇಲೆ, ಮತ್ತೆ ಸಮಾಗಮವಾಗುವುದೆಂಬ ಮಾತನ್ನು ನಂಬಿ ಮಹಾಶ್ವೇತೆ ಅಚ್ಛೋದ ಸರಸ್ಸಿನ ದಡದಲ್ಲಿ ತಪಸ್ಸಿಗೆ ಕೂರುತ್ತಾಳಷ್ಟೆ. ಇದು ಶೋಕವೋ ವಿರಹವೋ? ಎರಡೂ ಹೌದೆಂದು ಒಪ್ಪಿ ಅವರು ‘ಕರುಣವಿಪ್ರಲಂಭ’ ಎಂಬ ಹೆಸರನ್ನೇ ಇಟ್ಟರು. ನಾಗವರ್ಮನ ಕನ್ನಡದಲ್ಲಿ ಆ ಕಥೆಯನ್ನು ಓದಿದವರಿಗೆ ಮಹಾಶ್ವೇತೆಯ ಕಾಯುವಿಕೆಯ ಚಿತ್ರ ಮರೆಯುವಂಥದಲ್ಲ. ಆದರೂ ಅಲ್ಲಿ ಕಾಯುತ್ತಿರುವವಳು ನಾಯಿಕೆ, ತಾಯಿಯಲ್ಲ. ಮಗುವಿಗಾಗಿ ಕಾಯುವವರ ದುಃಖಕ್ಕೆ ಹೆಸರಿಡುವ ಅಗತ್ಯ ಹಿಂದಿನವರಿಗೆ ಬೀಳಲಿಲ್ಲ. ನಾನು ಅದನ್ನು ‘ಸಾಪೇಕ್ಷ ಕರುಣ’ ಎಂದು ಕರೆಯುತ್ತೇನೆ. ಹೆಸರು ಪಂಡಿತರಿಗೆ ಒಪ್ಪಿಗೆಯಾಗದಿದ್ದರೂ ವಸ್ತು ಮಾತ್ರ ಇದೆ.

ಅಗತ್ಯ ಬೀಳದಿದ್ದುದಕ್ಕೆ ಕಾರಣ ಸಾಹಿತ್ಯದಲ್ಲಿಲ್ಲ, ವೈದ್ಯದಲ್ಲಿದೆ. ರಕ್ತದ ಕ್ಯಾನ್ಸರ್ ಬಂದ ಮಗು ೧೯೪೭ಕ್ಕೆ ಹಿಂದೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. ಕಾಯುವುದಕ್ಕೆ ಕಾಲವೇ ಇರಲಿಲ್ಲ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಅಮೈನಾಪ್ಟೆರಿನ್ ಎಂಬ ಔಷಧವನ್ನು ೧೬ ಮಕ್ಕಳಿಗೆ ಕೊಟ್ಟು, ಅವರಲ್ಲಿ ೧೦ ಮಕ್ಕಳಲ್ಲಿ ರೋಗ ಕೆಲಕಾಲ ಹಿಂಜರಿಯಿತೆಂದು ೧೯೪೮ರಲ್ಲಿ ಪ್ರಕಟಿಸಿದರು. ಆ ಜಾತಿಯ ಔಷಧಗಳನ್ನು ಸಿದ್ಧಪಡಿಸಿದ ತಂಡದ ಮುಂದಾಳು ಆಂಧ್ರದ ಭೀಮವರದಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರೆಂಬುದನ್ನು ನಾವು ನೆನೆಯಬೇಕು. ಹಿಂಜರಿದ ರೋಗ ತಿರುಗಿ ಬರುತ್ತಿತ್ತು, ಮಕ್ಕಳು ಸಾಯುತ್ತಿದ್ದರು, ಅದು ಬೇರೆ ಮಾತು. ಆದರೆ ಸಾವಿಗೂ ರೋಗಕ್ಕೂ ನಡುವೆ ಮೊದಲ ಬಾರಿಗೆ ಒಂದು ಅಂಗಳ ಏರ್ಪಟ್ಟಿತು. ಆ ಅಂಗಳದಲ್ಲಿ ನಿಂತ ತಂದೆತಾಯಿ ಮನುಷ್ಯ ಚರಿತ್ರೆಗೆ ಹೊಸಬರು. ಅವರನ್ನು ಕುರಿತ ಸಾಹಿತ್ಯವೂ ಆಮೇಲೆಯೇ ಹುಟ್ಟಬೇಕಾಯಿತು.

ಈ ವಸ್ತುವನ್ನು ಕುರಿತು ಇಂಗ್ಲಿಷಿನಲ್ಲಿ ಬಂದ ಮೂರು ಕೃತಿಗಳನ್ನು ಇಲ್ಲಿ ತೆಗೆದುಕೊಳ್ಳುತ್ತೇನೆ. ಮೂರೂ ಅಮೆರಿಕದವು. ಮೊದಲನೆಯದು ಜಾನ್ ಗಂಥರ್ ಬರೆದ ‘ಡೆತ್ ಬಿ ನಾಟ್ ಪ್ರೌಡ್’ (೧೯೪೯). ಗಂಥರ್ ಹೆಸರಾಂತ ಪತ್ರಕರ್ತರು. ಖಂಡಖಂಡಗಳ ರಾಜಕೀಯವನ್ನು ಬರೆದು ಹೆಸರು ಮಾಡಿದವರು. ಅವರ ಮಗ ಜಾನಿಗೆ ೧೯೪೬ರ ಏಪ್ರಿಲಿನಲ್ಲಿ ಮಿದುಳಿನಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ೧೯೪೭ರ ಜೂನ್ ೩೦ರಂದು ಹದಿನೇಳನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ನಡುವಿನ ಹದಿನೈದು ತಿಂಗಳ ಕಥೆ ಇದು. ಶಸ್ತ್ರಚಿಕಿತ್ಸೆ, ಕ್ಷಕಿರಣ, ಸಾಸಿವೆ ಅನಿಲದ ಸಂಬಂಧಿಯಾದ ಔಷಧ, ಉಪ್ಪು ಕೊಬ್ಬುಗಳಿಲ್ಲದ ಕಠಿಣ ಪಥ್ಯ, ಹೀಗೆ ಯಾವುದನ್ನೂ ಬಿಡದೆ ಮಾಡಿದರು. ವಿವಾಹವಿಚ್ಛೇದನ ಪಡೆದಿದ್ದ ತಂದೆತಾಯಿ ಮಗನ ಹಾಸಿಗೆಯ ಎರಡು ಕಡೆ ಮತ್ತೆ ಒಂದಾಗಿ ನಿಂತರು. ಸಾಯುವುದಕ್ಕೆ ಕೆಲವು ವಾರ ಮೊದಲು ಜಾನಿ ತಲೆಗೆ ಪಟ್ಟಿ ಸುತ್ತಿಕೊಂಡೇ ಶಾಲೆಯ ಪದವಿಪ್ರದಾನ ಸಮಾರಂಭದಲ್ಲಿ ತಾನಾಗಿ ನಡೆದುಹೋಗಿ ತನ್ನ ಪ್ರಮಾಣಪತ್ರವನ್ನು ತೆಗೆದುಕೊಳ್ಳುತ್ತಾನೆ. ಆ ಭಾಗವನ್ನು ಓದಿ ಕಣ್ಣು ಒದ್ದೆಯಾಗದವರು ಅಪರೂಪ.

ಗಂಥರ್ ಅವರ ಗುಣ ಪತ್ರಕರ್ತನ ಗುಣ. ತಾರೀಖು, ವೈದ್ಯರ ಮಾತು, ಔಷಧದ ಪ್ರಮಾಣ, ಮಗನ ಪತ್ರ, ಮಗನ ದಿನಚರಿ, ಎಲ್ಲವನ್ನೂ ಅವರು ಇದ್ದಂತೆ ಇಡುತ್ತಾರೆ. ದುಃಖದ ಮಾತು ಕಡಿಮೆಯಾದಷ್ಟೂ ದುಃಖ ಹೆಚ್ಚುತ್ತದೆ. ಆದರೆ ಪುಸ್ತಕದ ಮಿತಿಯೂ ಅಲ್ಲಿಯೇ ಕಾಣುತ್ತದೆ. ಜಾನಿ ಅಸಾಧಾರಣ ಬಾಲಕ. ಬುದ್ಧಿವಂತ, ವಿನಯಶೀಲ, ಐನ್‌ಸ್ಟೈನರಿಗೆ ಭೌತಶಾಸ್ತ್ರದ ಪ್ರಶ್ನೆ ಬರೆದು ಕೇಳಿದವನು. ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ ಅವನು ಧೀರೋದಾತ್ತ. ಓದುಗನ ಕಣ್ಣೀರಿಗೆ ಅರ್ಧ ಕಾರಣ ಅವನ ಬೇನೆ, ಇನ್ನರ್ಧ ಅವನ ಔದಾತ್ಯ. ಹಾಗಾದರೆ ಸಿಡುಕುವ ಮಗುವಿಗೆ, ಔಷಧವನ್ನು ಉಗಿದು ತಾಯಿಯನ್ನು ಒದೆಯುವ ಮಗುವಿಗೆ, ತರಗತಿಯಲ್ಲಿ ಕೊನೆಯವನಾದ ಮಗುವಿಗೆ ಈ ಸಾಹಿತ್ಯದಲ್ಲಿ ಸ್ಥಾನವೆಲ್ಲಿ? ಬೇನೆ ಬಂದ ಮಗು ಪ್ರೀತಿಗೆ ಪಾತ್ರವಾಗುವುದಕ್ಕೆ ಮೊದಲು ದೊಡ್ಡವನಾಗಿರಬೇಕೆ? ಈ ಪ್ರಶ್ನೆಗೆ ಗಂಥರ್ ಪುಸ್ತಕದಲ್ಲಿ ಉತ್ತರವಿಲ್ಲ. ಕೊನೆಯಲ್ಲಿ ತಾಯಿ ಫ್ರಾನ್ಸೆಸ್ ಬರೆದ ಕೆಲವು ಪುಟಗಳು ಮಾತ್ರ ಬೇರೆ. ಮಗನ ಗುಣಗಳ ಪಟ್ಟಿಯನ್ನು ಬಿಟ್ಟು, ಇನ್ನೂ ಹೆಚ್ಚು ಪ್ರೀತಿಸಬಹುದಾಗಿತ್ತಲ್ಲಾ ಎಂಬ ಒಂದೇ ಕೊರಗಿಗೆ ಆಕೆ ಬಂದು ನಿಲ್ಲುತ್ತಾಳೆ. ಅದು ಎಲ್ಲ ತಾಯಂದಿರ ಮಾತು.

ಎರಡನೆಯದು ಪೀಟರ್ ಡಿ ವ್ರೀಸ್ (೧೯೧೦–೧೯೯೩) ಬರೆದ ‘ದಿ ಬ್ಲಡ್ ಆಫ್ ದಿ ಲ್ಯಾಂಬ್’ (೧೯೬೧) ಎಂಬ ಕಾದಂಬರಿ. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಇದೇ ಹಿರಿದು. ಡಿ ವ್ರೀಸ್ ಹಾಸ್ಯಲೇಖಕರು. ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಕೆಲಸ ಮಾಡಿದವರು. ಷಿಕಾಗೋದ ಡಚ್ ಕ್ಯಾಲ್ವಿನ್ ಪಂಥದ ಕಟ್ಟುನಿಟ್ಟಾದ ಮನೆತನದಲ್ಲಿ ಹುಟ್ಟಿದವರು. ಅವರ ಮಗಳು ಎಮಿಲಿ ೧೯೬೦ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಮರುವರ್ಷವೇ ಕಾದಂಬರಿ ಹೊರಬಂತು. ಕಥಾನಾಯಕ ಡಾನ್ ವಾಂಡರ್‌ಹೋಪ್ ತನ್ನ ಅಣ್ಣನನ್ನೂ, ಕ್ಷಯರೋಗದ ಆರೋಗ್ಯಧಾಮದಲ್ಲಿ ಪ್ರೀತಿಸಿದ ಹುಡುಗಿಯನ್ನೂ, ಹೆಂಡತಿಯನ್ನೂ ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡವನು. ಉಳಿದವಳು ಮಗಳು ಕ್ಯಾರಲ್ ಒಬ್ಬಳೇ. ಪುಸ್ತಕದ ಮೊದಲ ಭಾಗ ಬಹುಮಟ್ಟಿಗೆ ನಗೆಯಿಂದ ತುಂಬಿದೆ. ಆ ನಗೆಯ ದನಿಯಲ್ಲಿಯೇ ನಾವು ಮಕ್ಕಳ ವಾರ್ಡಿನ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಹಾಸ್ಯ ಕರುಣಗಳು ಪರಸ್ಪರ ವಿರೋಧಿಗಳೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಡಿ ವ್ರೀಸ್ ಈ ನಿಯಮವನ್ನು ಮುರಿಯುತ್ತಾರೆ, ಮುರಿದದ್ದು ಹಟದಿಂದಲ್ಲ. ನಿರಪೇಕ್ಷ ಕರುಣದಲ್ಲಿ ನಗೆಗೆ ಎಡೆಯಿಲ್ಲವೆಂಬುದು ನಿಜ. ಹೆಣದ ಮುಂದೆ ಯಾರು ನಗುತ್ತಾರೆ? ಆದರೆ ಸಾಪೇಕ್ಷ ಕರುಣದಲ್ಲಿ ಮಗು ಇನ್ನೂ ಬದುಕಿದೆ. ಬದುಕಿರುವ ಮಗು ಆಡುತ್ತದೆ, ಅಣಕಿಸುತ್ತದೆ, ನಗಿಸು ಎಂದು ಕೇಳುತ್ತದೆ. ಹಾಸಿಗೆಯ ಪಕ್ಕದಲ್ಲಿ ನಿಂತ ತಂದೆ ವಿದೂಷಕನಾಗದೆ ಬೇರೆ ದಾರಿಯಿಲ್ಲ. ಹಾಗಾಗಿ ಈ ಕಾದಂಬರಿಯಲ್ಲಿ ನಗೆ ಕರುಣವನ್ನು ಕೆಡಿಸುವುದಿಲ್ಲ. ಅದನ್ನು ಹೊತ್ತುಕೊಂಡು ನಡೆಯುತ್ತದೆ. ವಾರ್ಡಿನಲ್ಲಿ ಡಾನನಿಗೆ ಸ್ಟೈನ್ ಎಂಬ ಇನ್ನೊಬ್ಬ ತಂದೆ ಜತೆಯಾಗುತ್ತಾನೆ. ಅವನ ಮಗಳಿಗೂ ಅದೇ ರೋಗ. ಸ್ಟೈನನಿಗೆ ದೇವರಲ್ಲಿಯೂ ನಂಬಿಕೆಯಿಲ್ಲ, ವೈದ್ಯದಲ್ಲಿಯೂ ನಂಬಿಕೆಯಿಲ್ಲ. ಡಾನನಿಗೆ ಎರಡರಲ್ಲಿಯೂ ಅರೆನಂಬಿಕೆ. ಇಬ್ಬರೂ ಮಕ್ಕಳು ಮಲಗಿದ ಮೇಲೆ ಕುಳಿತು ಆಡುವ ವಾಗ್ವಾದ ಯಾವ ಉಪನಿಷತ್ತಿನ ಸಂವಾದಕ್ಕೂ ಕಡಿಮೆಯಾದ ಗಂಭೀರವಿಷಯದ್ದಲ್ಲ. ಅವರ ಮಾತಿನ ಧಾಟಿ ಮಾತ್ರ ಕಟಕಿಯದು.

ಕೃತಿಯ ಶಿಖರ ಎಲ್ಲರಿಗೂ ಗೊತ್ತಿರುವ ಕೇಕಿನ ಪ್ರಸಂಗ. ಕ್ಯಾರಲ್‌ಳ ಮೂಳೆಮಜ್ಜೆಯ ಪರೀಕ್ಷೆಯಲ್ಲಿ ರೋಗ ಹಿಂಜರಿದಿರುವ ಶುಭವಾರ್ತೆ ಬಂದಿದೆ. ತಂದೆ ಕೇಕನ್ನು ಕೊಂಡು ಆಸ್ಪತ್ರೆಗೆ ಹೊರಟಿದ್ದಾನೆ. ದಾರಿಯಲ್ಲಿ ಚರ್ಚಿಗೆ ಹೊಕ್ಕು ಕೃತಜ್ಞತೆ ಹೇಳುತ್ತಾನೆ. ಅಲ್ಲಿ ಸಿಕ್ಕ ದಾದಿಯೊಬ್ಬಳಿಂದ ವಾರ್ಡಿನಲ್ಲಿ ಸೋಂಕು ಹರಡಿದೆಯೆಂದು ತಿಳಿಯುತ್ತದೆ. ಅವನು ಓಡುತ್ತಾನೆ. ರೋಗದಿಂದ ಪಾರಾದ ಮಗು, ಔಷಧದಿಂದ ರಕ್ತ ಬರಿದಾದ ಹೊತ್ತಿನಲ್ಲಿ ಎರಗಿದ ಸೋಂಕಿನಿಂದ ಅಂದೇ ಸಾಯುತ್ತದೆ. ಆಮೇಲೆ ಅವನು ತಿರುಗಿ ಬಂದು, ಚರ್ಚಿನಲ್ಲಿ ಮರೆತುಹೋಗಿದ್ದ ಆ ಕೇಕನ್ನು ಎತ್ತಿ, ಹೊರಗೆ ಶಿಲುಬೆಯ ಮೇಲಿರುವ ಕ್ರಿಸ್ತನ ಮುಖಕ್ಕೆ ಎಸೆಯುತ್ತಾನೆ. ಅವನ ಉರಿಯುವ ಕಣ್ಣಿಗೆ, ಆ ಮೂರ್ತಿ ಮೊಳೆಯಿಂದ ಕೈ ಬಿಡಿಸಿಕೊಂಡು ತನ್ನ ಮುಖವನ್ನು ಮೆಲ್ಲಗೆ ಒರಸಿಕೊಂಡಂತೆ ಕಾಣುತ್ತದೆ.

ಈ ಪ್ರಸಂಗವನ್ನು ನಾಸ್ತಿಕ್ಯದ ಘೋಷಣೆಯೆಂದು ಓದುವವರಿದ್ದಾರೆ. ಮರಳಿದ ಭಕ್ತಿಯೆಂದು ಓದುವವರೂ ಇದ್ದಾರೆ. ಕನ್ನಡದ ಓದುಗನಿಗೆ ಇಲ್ಲಿ ಮೂರನೆಯ ದಾರಿಯೊಂದು ತೆರೆದಿದೆ. ನಮ್ಮ ದಾಸರು ದೇವರನ್ನು ಬೈದು ಹಾಡಿದ್ದಾರೆ. ನಿಂದಾಸ್ತುತಿಯೆಂಬುದು ನಮ್ಮಲ್ಲಿ ಒಂದು ಪ್ರಕಾರವೇ ಆಗಿ ಬೆಳೆದಿದೆ. ಬೈಯಬೇಕಾದರೆ ಎದುರಿಗೆ ಒಬ್ಬನಿರಬೇಕು; ಇಲ್ಲದವನಿಗೆ ಯಾರೂ ಕೇಕು ಎಸೆಯುವುದಿಲ್ಲ. ಡಾನ್ ಎಸೆದ ಪೆಟ್ಟು ಒಂದು ಸಂಬೋಧನೆ. ಆದರೆ ನಮ್ಮ ನಿಂದಾಸ್ತುತಿಗೂ ಇದಕ್ಕೂ ಒಂದು ಅಂತರವುಂಟು. ದಾಸರ ನಿಂದೆ ಕೊನೆಗೆ ಸ್ತುತಿಯಾಗುತ್ತದೆಂಬ ಭರವಸೆ ಮೊದಲೇ ಇರುತ್ತದೆ. ಹಾಡಿನ ಅಂಕಿತವೇ ಅದಕ್ಕೆ ಜಾಮೀನು. ಡಿ ವ್ರೀಸರಲ್ಲಿ ಆ ಜಾಮೀನಿಲ್ಲ. ನಿಂದೆ ಸ್ತುತಿಯಾಯಿತೋ ಇಲ್ಲವೋ ತಿಳಿಯದಂತೆ ಅವರು ನಿಲ್ಲಿಸುತ್ತಾರೆ. ಆ ನಿಲುಗಡೆಯಲ್ಲಿ ಅವರ ಪ್ರಾಮಾಣಿಕತೆಯಿದೆ.

ಇಲ್ಲಿ ವಿಮರ್ಶಕನಾದವನು ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಈ ಕಾದಂಬರಿ ತನ್ನ ವರ್ಷದ ಕೂಸು. ಕ್ಯಾರಲ್‌ಳಂಥ ಮಕ್ಕಳಿಗೆ ಆ ದಿನಗಳಲ್ಲಿದ್ದ ಮೆಥೋಟ್ರೆಕ್ಸೇಟ್ ಮತ್ತು ಮರ್ಕ್ಯಾಪ್ಟೊಪ್ಯೂರಿನ್ ಔಷಧಗಳು ರೋಗವನ್ನು ಹಿಂದೆ ಸರಿಸುತ್ತಿದ್ದುವು, ಓಡಿಸುತ್ತಿರಲಿಲ್ಲ. ಆಸೆ ಹುಟ್ಟಿಸಿ ಕೈಬಿಡುವುದೇ ಅಂದಿನ ವೈದ್ಯದ ಸ್ವರೂಪವಾಗಿತ್ತು; ಕಾದಂಬರಿಯ ಕ್ರೌರ್ಯವೂ ಅದೇ. ಆದರೆ ಪುಸ್ತಕ ಬಂದ ಮರುವರ್ಷ, ೧೯೬೨ರಲ್ಲಿ, ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಆಸ್ಪತ್ರೆ ತೆರೆಯಿತು. ಅಲ್ಲಿ ಡೊನಾಲ್ಡ್ ಪಿಂಕೆಲ್ ಅವರು ಹಲವು ಔಷಧಗಳನ್ನೂ ಕಿರಣಚಿಕಿತ್ಸೆಯನ್ನೂ ಕೂಡಿಸಿ, ವರ್ಷಗಟ್ಟಲೆ ಬಿಡದೆ ಕೊಡುವ ಕ್ರಮವನ್ನು ರೂಪಿಸಿದರು. ೧೯೭೦ರ ದಶಕದ ಆರಂಭದ ಹೊತ್ತಿಗೆ ಸುಮಾರು ಅರ್ಧದಷ್ಟು ಮಕ್ಕಳು ಗುಣವಾಗತೊಡಗಿದರು. ಇಂದು ಅನುಕೂಲವಿರುವ ದೇಶಗಳಲ್ಲಿ ಈ ಬಗೆಯ ರಕ್ತದ ಕ್ಯಾನ್ಸರಿನ ನೂರು ಮಕ್ಕಳಲ್ಲಿ ತೊಂಬತ್ತರಷ್ಟು ಮಂದಿ ಬದುಕುತ್ತಾರೆ. ಅದೇ ಎರಡು ಔಷಧಗಳು ಇಂದಿನ ಚಿಕಿತ್ಸೆಯಲ್ಲಿಯೂ ಇವೆ. ಆದ್ದರಿಂದ ಇಂದಿನ ತಂದೆಯ ಕೈಗೆ ಈ ಪುಸ್ತಕವನ್ನು ಕೊಡುವವರು ಅದರ ಪ್ರಕಟಣೆಯ ವರ್ಷವನ್ನು ಬೆರಳಿಟ್ಟು ತೋರಿಸಿ ಕೊಡಬೇಕು.

ಈ ಮಾತನ್ನು ನಾನು ಬರಿದೆ ಹೇಳುತ್ತಿಲ್ಲ. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮಿತ್ರರೊಬ್ಬರ ಮಗಳಿಗೆ ಆರನೆಯ ವಯಸ್ಸಿನಲ್ಲಿ ಇದೇ ರೋಗವೆಂದು ತಿಳಿಯಿತು. ಅವರ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಪುಸ್ತಕವಿರುತ್ತಿತ್ತು. ಅದರಲ್ಲಿ ದಿನದಿನದ ರಕ್ತದ ಲೆಕ್ಕ: ಬಿಳಿಯ ಕಣ, ಪ್ಲೇಟ್ಲೆಟ್, ಹಿಮೋಗ್ಲೋಬಿನ್. ಹಿರಿಯ ಮಗನನ್ನು ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಅಜ್ಜಿ ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಬರಬಾರದೆಂದು ಬಾಗಿಲಲ್ಲೇ ಕೂರುತ್ತಿದ್ದರು. ಮಡಿಯ ಅಭ್ಯಾಸ ಆಕೆಗೆ ಈಗ ಬೇರೊಂದು ಕಾರಣಕ್ಕೆ ಉಪಯೋಗಕ್ಕೆ ಬಂತು. ಬೆನ್ನಿಗೆ ಸೂಜಿ ಚುಚ್ಚುವ ದಿನ ಮಗು ತಂದೆಯ ಕಿವಿ ಹಿಡಿದುಕೊಂಡಿರುತ್ತಿತ್ತಂತೆ. ಒಂದು ಸಂಜೆ ಆ ಮಿತ್ರರು ಉಪಾಧ್ಯಾಯರ ಕೊಠಡಿಯಲ್ಲಿ ನನ್ನನ್ನು ಕೇಳಿದರು: “ಕನ್ನಡ ಮೇಷ್ಟ್ರೇ, ಎಲ್ಲ ಮುಗಿದಮೇಲೆ ಅಳೋದಕ್ಕೆ ನಿಮ್ಮಲ್ಲಿ ಬೇಕಾದಷ್ಟು ಪದ್ಯ ಇವೆ. ಮುಗಿಯೋದಕ್ಕೆ ಮುಂಚೆ ಓದೋಕ್ಕೆ ಏನಾದರೂ ಇದ್ದರೆ ಕೊಡಿ.” ಅವರದು ಕುಹಕವಲ್ಲ, ನಿಜವಾದ ಬೇಡಿಕೆ. ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತರೂ ಅವರ ಕೈಗೆ ಕೊಡುವಂಥ ಕನ್ನಡ ಪುಸ್ತಕವೊಂದು ನನಗೆ ಸಿಕ್ಕಲಿಲ್ಲ. ಮಗುವಿನ ಚಿಕಿತ್ಸೆ ಈಗ ಗುಳಿಗೆಗಳ ಹಂತಕ್ಕೆ ಬಂದಿದೆ, ಶಾಲೆಗೂ ಹೋಗುತ್ತಿದೆ. ಮುಂದಿನದು ಮುಂದೆ. ಆದರೆ ಅವರ ಬೇಡಿಕೆ ಮಾತ್ರ ಹಾಗೆಯೇ ನಿಂತಿದೆ.

ಮೂರನೆಯ ಕೃತಿ ಆ ಬೇಡಿಕೆಗೆ ಹೆಚ್ಚು ಹತ್ತಿರವಾದುದು. ಲಾರಿ ಮೂರ್ ಎಂಬ ಲೇಖಕಿಯ ‘ಪೀಪಲ್ ಲೈಕ್ ದಟ್ ಆರ್ ದಿ ಓನ್ಲಿ ಪೀಪಲ್ ಹಿಯರ್’ ಎಂಬ ಸಣ್ಣಕಥೆ ೧೯೯೭ರಲ್ಲಿ ‘ನ್ಯೂಯಾರ್ಕರ್’ನಲ್ಲಿ ಬಂತು, ೧೯೯೮ರಲ್ಲಿ ‘ಬರ್ಡ್ಸ್ ಆಫ್ ಅಮೆರಿಕ’ ಸಂಕಲನದಲ್ಲಿ ಸೇರಿತು. ಹಸುಗೂಸಿನ ಬಟ್ಟೆಯಲ್ಲಿ ತಾಯಿ ಹೆಪ್ಪುಗಟ್ಟಿದ ರಕ್ತವನ್ನು ಕಾಣುವಲ್ಲಿ ಕಥೆ ಮೊದಲಾಗುತ್ತದೆ. ಮಗುವಿನ ಮೂತ್ರಪಿಂಡದಲ್ಲಿ ವಿಲ್ಮ್ಸ್ ಗಡ್ಡೆ. ಪಾತ್ರಗಳಿಗೆ ಹೆಸರಿಲ್ಲ, ತಾಯಿ, ಗಂಡ, ಕೂಸು, ಶಸ್ತ್ರವೈದ್ಯ ಎಂದಷ್ಟೇ ಕರೆಯಲಾಗಿದೆ. ಆಸ್ಪತ್ರೆಯ ಹೊಸ್ತಿಲು ದಾಟಿದೊಡನೆ ಮನುಷ್ಯ ತನ್ನ ಹೆಸರನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಹೋಗಬೇಕಾಗುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ಉಪಾಯ ಬೇರೆ ಯಾವುದು? ತಾಯಿ ಬರಹಗಾರ್ತಿ. ಗಂಡ ಅವಳಿಗೆ ಟಿಪ್ಪಣಿ ಬರೆದಿಟ್ಟುಕೊ ಎನ್ನುತ್ತಾನೆ. ಮುಂದೆ ದುಡ್ಡು ಬೇಕಾಗುತ್ತದೆ. ಅವಳು ಒಲ್ಲೆನೆನ್ನುತ್ತಾಳೆ. ಆದರೂ ನಾವು ಓದುತ್ತಿರುವುದು ಆ ಟಿಪ್ಪಣಿಯನ್ನೇ. ಮಗುವಿನ ಬೇನೆಯನ್ನು ಬರೆದು ಮಾರುವುದು ಸರಿಯೇ ಎಂಬ ನೈತಿಕ ಪ್ರಶ್ನೆಯನ್ನು ವಿಮರ್ಶಕರು ಎತ್ತುವ ಮೊದಲೇ ಲೇಖಕಿ ತಾನೇ ಎತ್ತಿ, ಉತ್ತರ ಕೊಡದೆ, ಕಥೆಯ ಕೊನೆಯಲ್ಲಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾಳೆ.

ಈ ಕಥೆಯಲ್ಲಿ ಕೂಸು ಸಾಯುವುದಿಲ್ಲ. ಶಸ್ತ್ರಚಿಕಿತ್ಸೆಯಾಗುತ್ತದೆ, ಕೀಮೋ ಕೊಡದೆ ಆಗಾಗ ಪರೀಕ್ಷೆ ಮಾಡಿ ನೋಡುವ ಕ್ರಮವನ್ನು ತಂದೆತಾಯಿ ಆರಿಸಿಕೊಳ್ಳುತ್ತಾರೆ, ಮನೆಗೆ ಹೋಗುತ್ತಾರೆ. ಸಾವಿಲ್ಲದ ಈ ಕಥೆ ಸಾವಿನ ಕಥೆಗಳಿಗಿಂತ ನಮ್ಮನ್ನು ಹೆಚ್ಚು ಕಂಗೆಡಿಸುವುದೇಕೆ? ಮುಗಿತಾಯವಿಲ್ಲದಿರುವುದರಿಂದ. ಇನ್ನು ಮೂರು ತಿಂಗಳಿಗೆ ಮತ್ತೊಂದು ಪರೀಕ್ಷೆ, ಆಮೇಲೆ ಇನ್ನೊಂದು. ಸಾಪೇಕ್ಷ ಕರುಣದ ನಿಜವಾದ ರೂಪ ಇದು. ಗಂಡನಿಗೆ ವಾರ್ಡಿನ ಇತರ ತಂದೆತಾಯಿಗಳ ಜತೆ ಒಂದು ಸಮಾಧಾನ ತರುತ್ತದೆ. ಹೆಂಡತಿಗೆ ಅವರಾರ ಮುಖವನ್ನೂ ಮತ್ತೆ ನೋಡುವುದು ಬೇಡ. ಇಬ್ಬರ ಮಾತೂ ಸತ್ಯ. ಬೇಂದ್ರೆಯವರ ಕವಿತೆಯಲ್ಲಿ ಗಂಡಹೆಂಡಿರ ನಡುವೆ ನೋಟವೊಂದು ನಿಂತಂತೆ ಇಲ್ಲಿ ಇವರ ನಡುವೆ ಈ ಭಿನ್ನಾಭಿಪ್ರಾಯ ನಿಂತಿದೆ. ಒಂದೇ ಮಗುವಿನ ಬೇನೆ ಇಬ್ಬರಿಗೆ ಎರಡು ಬೇನೆಯಾಗುತ್ತದೆಂಬುದನ್ನು ಇಬ್ಬರು ಲೇಖಕರೂ ಕಂಡಿದ್ದಾರೆ.

ಇನ್ನು ನಮ್ಮಲ್ಲಿರುವ ಸಾಮಗ್ರಿಯ ಮಾತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ೧೯೭೩ರಲ್ಲಿ ಆರಂಭವಾಯಿತು. ಅಂದಿನಿಂದ ನಾಡಿನ ಎಲ್ಲ ಮೂಲೆಗಳಿಂದ ಮಕ್ಕಳನ್ನು ಕಟ್ಟಿಕೊಂಡು ಜನ ಅಲ್ಲಿಗೆ ಬರುತ್ತಿದ್ದಾರೆ. ರಾಯಚೂರಿನ ಕನ್ನಡ, ಕೊಡಗಿನ ಕನ್ನಡ, ಕುಂದಾಪುರದ ಕನ್ನಡ, ಎಲ್ಲವೂ ಒಂದೇ ಸಾಲಿನಲ್ಲಿ ಚೀಟಿ ಹಿಡಿದು ನಿಲ್ಲುವ ಸ್ಥಳ ಅಂಥ ಆಸ್ಪತ್ರೆಯ ಪಡಸಾಲೆಯನ್ನು ಬಿಟ್ಟರೆ ಹೆಚ್ಚಿಲ್ಲ. ಅಲ್ಲಿ ಕೀಮೋ, ಕೌಂಟು, ರಿಪೋರ್ಟು ಎಂಬ ಮಾತುಗಳು ಅಕ್ಷರ ತಿಳಿಯದ ತಾಯಂದಿರ ಬಾಯಲ್ಲಿ ಕನ್ನಡವಾಗಿಬಿಟ್ಟಿವೆ. ಹರಕೆಯ ತಾಯಿತ ಕಟ್ಟಿದ ಕೈಗೇ ಸಲೈನಿನ ಸೂಜಿ ಚುಚ್ಚಿರುತ್ತದೆ. ಡಿ ವ್ರೀಸರ ನಾಯಕನಿಗೆ ದೇವರೊಡನೆ ಜಗಳ. ನಮ್ಮ ತಾಯಿಗೆ ದೇವರೊಡನೆ ಲೇವಾದೇವಿ. ಇಷ್ಟು ಕೊಟ್ಟರೆ ಇಷ್ಟು ಮಾಡುತ್ತೇನೆಂಬ ಆ ವ್ಯವಹಾರದಲ್ಲಿರುವ ಹಾಸ್ಯವನ್ನೂ ಕರುಣವನ್ನೂ ಬರೆಯಲು ದೊಡ್ಡ ಕೈ ಬೇಕು. ನಗೆಯನ್ನೂ ಕಣ್ಣೀರನ್ನೂ ಒಂದೇ ರಂಗದ ಮೇಲೆ ನಿಲ್ಲಿಸಬಹುದೆಂದು ಕೈಲಾಸಂ ಕನ್ನಡಕ್ಕೆ ತೋರಿಸಿಕೊಟ್ಟಿದ್ದಾರೆ. ದೇವರನ್ನು ಬೈಯುವ ಭಾಷೆಯನ್ನು ದಾಸರು ಕೊಟ್ಟಿದ್ದಾರೆ. ಮನೆಮಾತಿನಲ್ಲಿ ದೊಡ್ಡ ದುಃಖವನ್ನು ಹೇಳುವ ದಾರಿಯನ್ನು ಬೇಂದ್ರೆಯವರು ಹಾಕಿದ್ದಾರೆ. ಉಪಕರಣಗಳ ಕೊರತೆ ನಮಗಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ನೊಂದವರ ನೋವನ್ನು ಕಥೆ ಮಾಡುವುದೇಕೆ? ಚಲನಚಿತ್ರಗಳು ಕ್ಯಾನ್ಸರನ್ನು ಸುಂದರವಾದ ಸಾವಿಗೆ ನೆಪ ಮಾಡಿಕೊಂಡಿದ್ದು ಸಾಲದೆ? ಆಕ್ಷೇಪಣೆ ನ್ಯಾಯವಾದುದು; ಆದರೆ ಅದು ಕೆಟ್ಟ ಬರವಣಿಗೆಗೆ ಸಲ್ಲುವುದು. ಸುಂದರವಾದ ಸಾವಿನ ಕಥೆಗಳಿಂದ ಆಗುವ ಹಾನಿ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಪ್ರತಿವರ್ಷ ಜಗತ್ತಿನಲ್ಲಿ ಸುಮಾರು ೪ ಲಕ್ಷ ಮಕ್ಕಳಿಗೂ ಹದಿಹರೆಯದವರಿಗೂ ಕ್ಯಾನ್ಸರ್ ಬರುತ್ತದೆ. ಸಿರಿವಂತ ದೇಶಗಳಲ್ಲಿ ಅವರಲ್ಲಿ ನೂರಕ್ಕೆ ೮೦ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ ೩೦ ಮಂದಿಯೂ ಇಲ್ಲ. ರೋಗವನ್ನು ತಡವಾಗಿ ಗುರುತಿಸುವುದು, ಔಷಧ ಸಿಕ್ಕದಿರುವುದು, ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಬಿಡುವುದು, ಇವು ಆ ಅಂತರಕ್ಕೆ ಕಾರಣಗಳಲ್ಲಿ ಕೆಲವು. ೨೦೩೦ರ ಹೊತ್ತಿಗೆ ಎಲ್ಲೆಡೆಯೂ ಕನಿಷ್ಠ ೬೦ ಮಂದಿಯಾದರೂ ಬದುಕಬೇಕೆಂದು ಆ ಸಂಸ್ಥೆ ೨೦೧೮ರಲ್ಲಿ ಗುರಿಯಿಟ್ಟಿತು. ನಡುವೆ ಬಿಡುವವರು ಬಡತನದಿಂದ ಬಿಡುತ್ತಾರೆ, ದಣಿವಿನಿಂದ ಬಿಡುತ್ತಾರೆ. ಹೇಗೂ ಉಳಿಯದೆಂಬ ನಂಬಿಕೆಯಿಂದಲೂ ಬಿಡುತ್ತಾರೆ. ಕ್ಯಾನ್ಸರೆಂದರೆ ಸಾವು ಎಂಬ ಸಮೀಕರಣವನ್ನು ಕಥೆ, ಸಿನಿಮಾ,ಗಳು ಜನರ ಮನಸ್ಸಿನಲ್ಲಿ ಅಚ್ಚೊತ್ತಿವೆ. ನಿರಪೇಕ್ಷ ಕರುಣವೊಂದನ್ನೇ ಕಲಿತ ಸಮಾಜ, ಅಪೇಕ್ಷೆಗೆ ಕಾರಣವಿರುವ ಕಡೆಯೂ ಅಳುವುದಕ್ಕೆ ಕೂತುಬಿಡುತ್ತದೆ. ರಸದ ವಿಚಾರ ಇಲ್ಲಿ ಪಂಡಿತರ ವಿನೋದವಾಗಿ ಉಳಿಯುವುದಿಲ್ಲ.

ಹಾಗೆಂದು ಆಶಾವಾದದ ಪ್ರಚಾರಕಥೆಗಳನ್ನು ಬರೆಯಿರೆಂದು ನಾನು ಲೇಖಕರನ್ನು ಕೇಳುತ್ತಿಲ್ಲ. ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಉಳಿಯುತ್ತಾರೆಂದು ಬರೆದರೆ ಅದೂ ಸುಳ್ಳು. ಬೇಕಾಗಿರುವುದು ಫಲಿತಾಂಶ ಗೊತ್ತಿಲ್ಲದವನ ಕಣ್ಣಿನಿಂದ ನೋಡಿ ಬರೆದ ಬರವಣಿಗೆ. ಕಥೆಗಾರನಿಗೆ ಕೊನೆ ಗೊತ್ತಿರುತ್ತದೆ. ಆ ತಿಳಿವನ್ನು ಅವನು ಮೊದಲ ಪುಟದಿಂದ ಬಚ್ಚಿಟ್ಟು, ತಂದೆಯ ಜತೆ ಸಾಲಿನಲ್ಲಿ ನಿಲ್ಲಬೇಕು. ಮಗುವನ್ನು ದೇವತೆಯಾಗಿಸದೆ ಮಗುವಾಗಿಯೇ ಇರಗೊಡಬೇಕು. ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗುವಿನ ಮುನಿಸು, ಒತ್ತೆಯಿಟ್ಟ ಓಲೆ, ರಜೆ ಕೊಡದ ಯಜಮಾನ, ಆಸ್ಪತ್ರೆಯ ಗೋಡೆಯ ಮೇಲೆ ಯಾರೋ ಅಂಟಿಸಿದ ಗೊಂಬೆಯ ಚಿತ್ರ, ಇವೆಲ್ಲಕ್ಕೂ ಅದರಲ್ಲಿ ಜಾಗವಿರಬೇಕು. ಗಂಥರ್ ಅವರ ವಿವರ, ಡಿ ವ್ರೀಸರ ನಗೆ, ಮೂರ್ ಅವರ ಮುಗಿಯದ ಮುಗಿತಾಯ, ಮೂರನ್ನೂ ಅರಗಿಸಿಕೊಂಡು ನಮ್ಮ ಮಣ್ಣಿನ ಮಾತಿನಲ್ಲಿ ಬರೆಯಬಲ್ಲವರು ನಮ್ಮ ತರುಣ ಲೇಖಕರಲ್ಲಿ ಇದ್ದಾರೆಂದು ನಾನು ನಂಬಿದ್ದೇನೆ. ಲೇಖಕಿಯರಲ್ಲಂತೂ ಖಂಡಿತ ಇದ್ದಾರೆ.

ಪುತ್ರಶೋಕವನ್ನು ಹಾಡಿದ ಭಾಷೆ ನಮ್ಮದು. ಮಗುವಿನ ಪಕ್ಕದಲ್ಲಿ ಎಚ್ಚರವಾಗಿ ಕುಳಿತ ರಾತ್ರಿಯನ್ನು ಹೇಳುವುದನ್ನೂ ಅದು ಕಲಿಯಬೇಕು. ಮಹಾಶ್ವೇತೆ ಸರೋವರದ ದಡದಲ್ಲಿ ಕಾದಳು, ಅವಳಿಗೆ ಕವಿಯಿದ್ದ. ಪಡಸಾಲೆಯ ಬೆಂಚಿನ ಮೇಲೆ ಕಾದಿರುವ ತಾಯಿಗೆ ಇನ್ನೂ ಕವಿ ಬರಬೇಕಾಗಿದೆ.